ಬೀಜ, ಎತ್ತು, ಬೆಳೆ ಇವುಗಳ ಆಯ್ಕೆಯಲ್ಲಿ ಸರಳ ನಿಯಮಗಳ ಪಾಲನೆ

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಸುತ್ತಿನ ಸೀಮೆಯಲ್ಲಿ ಖುಷ್ಕಿ ಬೇಸಾಯವೇ ಪ್ರಧಾನವಾದುದು. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು, ಎಂದರೆ 24 ಅಂಗುಲದ ಆಸುಪಾಸು. ಅದೂ ಒಂದು ವರ್ಷ ಬಿದ್ದ ಹಾಗೆ ಮತ್ತೊಂದು ವರ್ಷ ಬೀಳುವುದಿಲ್ಲ. ಒಂದೇ ಗ್ರಾಮದ ಎಲ್ಲೆಯೊಳಗೆ ಗರಸು ಬೆರೆತ ತೆಳು ಮಸಾರಿಯೂ, ಆಳವಾದ ಕೆಂಪು ನೆಲವೂ, ಹಳ್ಳದ ಬದಿಯ ಎರೆಯೂ ಇರುವುದುಂಟು. ಇಂತಹ ಸೀಮೆಯ ಒಕ್ಕಲಿಗನು ರೋಹಿಣಿ ಮಳೆಗೆ ಮೊದಲೇ ಮಾಡಿ ಮುಗಿಸಬೇಕಾದ ತೀರ್ಮಾನಗಳು ಅನೇಕವಾಗಿವೆ. ಯಾವ ಹೊಲಕ್ಕೆ ಯಾವ ಬೆಳೆ, ಯಾವ ತಳಿಯ ಬೀಜ, ಇರುವ ಎತ್ತು ಸಾಕೆ ಅಥವಾ ಹೊಸ ಜೋಡಿ ಬೇಕೆ, ಗೊಬ್ಬರಕ್ಕೆ ಹಣವೆಷ್ಟು, ಸಾಲವೆಷ್ಟು, ಹೀಗೆ ಒಂದೊಂದರಲ್ಲಿಯೂ ಐದಾರು ಅಂಶಗಳನ್ನು ಏಕಕಾಲದಲ್ಲಿ ತೂಗಿ ನೋಡಬೇಕಾಗುವುದು. ತೂಕ ತಪ್ಪಿದರೆ ಆ ವರ್ಷದ ಬೆಳೆಯಷ್ಟೇ ಅಲ್ಲದೆ ಬರುವ ವರ್ಷದ ಬೀಜದ ಹಣವೂ ಕೈಬಿಟ್ಟು ಹೋಗುವುದು.

ಈ ಅಂಶಗಳು ಯಾವುವೆಂಬುದು ರೈತರಿಗೆ ಚೆನ್ನಾಗಿ ತಿಳಿದೇ ಇರುತ್ತದೆ. ಎತ್ತಿನಲ್ಲಿ ಏನನ್ನು ನೋಡಬೇಕೆಂದು ಯಾವ ಹಿರಿಯ ಒಕ್ಕಲಿಗನನ್ನು ಕೇಳಿದರೂ ಅವನು ಹಲ್ಲು, ಗೊರಸು, ಹೆಗಲು, ನಡೆ ಎಂದು ತಡೆಯಿಲ್ಲದೆ ಹೇಳಬಲ್ಲನು. ಆದರೆ ಅದೇ ಮನುಷ್ಯನು ದನದ ಪೇಟೆಗೆ ಹೋಗಿ ಹತ್ತು ಜೋಡಿಗಳನ್ನು ನೋಡುವಾಗ, ಮೊದಲನೆಯ ಜೋಡಿಯಲ್ಲಿ ಗೊರಸಿಗೆ ಕೊಟ್ಟ ಬೆಲೆಯನ್ನು ಏಳನೆಯದರಲ್ಲಿ ಕೊಡುವುದಿಲ್ಲ. ಹತ್ತನೆಯದರಲ್ಲಿ ಕೊಂಬಿನ ಚೆಲುವನ್ನು ಕಂಡು ಹೆಗಲನ್ನು ಮುಟ್ಟಿ ನೋಡುವುದನ್ನೇ ಮರೆಯುವನು. ತಿಳಿದ ನಿಯಮವನ್ನು ಪ್ರತಿ ಸಲವೂ ಒಂದೇ ಸಮನಾಗಿ ನಡೆಸುವುದು ಮನುಷ್ಯನಿಗೆ ಎಷ್ಟು ಕಷ್ಟವೆಂಬುದನ್ನು ಕಳೆದ ನೂರು ವರ್ಷಗಳಲ್ಲಿ ಹಲವರು ಪರೀಕ್ಷಿಸಿ ನೋಡಿರುತ್ತಾರೆ. ಇವುಗಳಲ್ಲಿ ಬಹು ಹಳೆಯ ಪರೀಕ್ಷೆಯೊಂದು ಬೇಸಾಯಕ್ಕೇ ಸಂಬಂಧಪಟ್ಟುದು, ಅದೂ ಹರಪನಹಳ್ಳಿಯ ಕಡೆ ಇಂದು ಎಲ್ಲೆಲ್ಲಿಯೂ ಬೆಳೆಯುವ ಮೆಕ್ಕೆಜೋಳದ್ದೇ ಆಗಿರುವುದು ವಿಶೇಷ.

ಅಮೆರಿಕ ಸಂಯುಕ್ತ ಸಂಸ್ಥಾನದ ಅಯೋವಾ ಪ್ರಾಂತ್ಯದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೆಕ್ಕೆಜೋಳದ ತೆನೆಗಳ ಪ್ರದರ್ಶನಗಳು ಬಹಳವಾಗಿ ನಡೆಯುತ್ತಿದ್ದವು. ರೈತರು ತಮ್ಮ ಅತ್ಯುತ್ತಮವಾದ ತೆನೆಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಡುವರು. ಅನುಭವಸ್ಥರಾದ ತೀರ್ಪುಗಾರರು ತೆನೆಯ ಉದ್ದ, ಸುತ್ತಳತೆ, ಸಾಲುಗಳ ನೇರ, ತುದಿಯವರೆಗೆ ಕಾಳು ತುಂಬಿರುವಿಕೆ ಮುಂತಾದವುಗಳಿಗೆ ಅಂಕಗಳನ್ನು ಹಾಕಿ ಬಹುಮಾನ ಕೊಡುವರು. ಬಹುಮಾನ ಪಡೆದ ತೆನೆಯ ಬೀಜಕ್ಕೆ ಸುತ್ತಿನ ಊರುಗಳಲ್ಲೆಲ್ಲ ಗಿರಾಕಿ. ಹೆನ್ರಿ ಎ. ವ್ಯಾಲೇಸ್ ಎಂಬವರು ಇನ್ನೂ ಬಾಲಕರಾಗಿದ್ದಾಗಲೇ, ಈ ಚೆಲುವಾದ ತೆನೆಗಳ ಬೀಜವನ್ನು ಬೇರೆ ಬೇರೆಯಾಗಿ ಬಿತ್ತಿ, ಕೊಯ್ದು, ತೂಗಿ ನೋಡಿ, ಮೇಜಿನ ಮೇಲಿನ ಅಂದಕ್ಕೂ ಹೊಲದಲ್ಲಿಯ ಇಳುವರಿಗೂ ಸಂಬಂಧವಿಲ್ಲವೆಂದು ಕಂಡುಕೊಂಡಿದ್ದರು. ಈತನೇ ಮುಂದೆ 1933ರಲ್ಲಿ ಆ ದೇಶದ ವ್ಯವಸಾಯ ಮಂತ್ರಿಯೂ 1941ರಲ್ಲಿ ಉಪಾಧ್ಯಕ್ಷರೂ ಆದರು.

ಆ ಬಳಿಕ ಅದೇ ಪ್ರಾಂತ್ಯದ ಎಚ್. ಡಿ. ಹ್ಯೂಸ್ ಎಂಬ ಪ್ರಾಧ್ಯಾಪಕರು ಅನೇಕ ತೆನೆಗಳನ್ನು ಅಳೆದು, ಇಳುವರಿ ಎಷ್ಟು ಬಂದೀತೆಂದು ತೀರ್ಪುಗಾರರಿಂದ ಅಂಕಗಳನ್ನು ಹಾಕಿಸಿ, ಆಮೇಲೆ ಆ ಬೀಜವನ್ನು ಬಿತ್ತಿ ಬಂದ ಫಸಲನ್ನು ಬರೆದಿಟ್ಟರು. ಆ ಲೆಕ್ಕಗಳನ್ನು ವ್ಯಾಲೇಸರು ತೆಗೆದುಕೊಂಡು 1923ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ತೆನೆಯ ತೀರ್ಪುಗಾರನ ಮನಸ್ಸಿನಲ್ಲಿ ಇರುವುದೇನು ಎಂಬುದೇ ಅದರ ವಿಷಯ. ತೀರ್ಪುಗಾರರು ಬಾಯಲ್ಲಿ ಏನನ್ನೇ ಹೇಳಲಿ, ಅವರು ಹಾಕಿದ ಅಂಕಗಳನ್ನು ಲೆಕ್ಕ ಮಾಡಿ ನೋಡಿದರೆ ಎಲ್ಲಕ್ಕಿಂತ ಹೆಚ್ಚಿನ ತೂಕ ಬಿದ್ದುದು ತೆನೆಯ ಉದ್ದಕ್ಕೆ. ಒಬ್ಬ ತೀರ್ಪುಗಾರನ ಅಂಕಕ್ಕೂ ಮತ್ತೊಬ್ಬನದಕ್ಕೂ ತಕ್ಕಮಟ್ಟಿಗೆ ಹೊಂದಿಕೆಯೂ ಇದ್ದಿತು. ಆದರೆ ಅವರೆಲ್ಲರ ಅಂಕಗಳಿಗೂ ಹೊಲದ ಇಳುವರಿಗೂ ಇದ್ದ ಹೊಂದಿಕೆ ಬಹಳ ಅಲ್ಪವಾದುದು. ನಾಲ್ಕು ಜನ ಅನುಭವಸ್ಥರು ಒಂದೇ ಮಾತನ್ನು ಹೇಳಿದರೆ ಅದು ನಿಜವಿರಬೇಕೆಂದು ಊರಿನವರು ನಂಬುವುದು ಸಹಜ. ನಾಲ್ವರೂ ಒಂದೇ ಗುರುವಿನಿಂದ ಒಂದೇ ತಪ್ಪನ್ನು ಕಲಿತಿದ್ದರೂ ಹಾಗೆಯೇ ಕಾಣುವುದು.

ಚೆಲುವಾದ ತೆನೆ ಏಕೆ ಮೋಸಮಾಡುವುದೆಂಬುದನ್ನು ಇಲ್ಲಿಯೇ ಹೇಳುವುದು ಉಚಿತ. ಹೊಲದ ಅಂಚಿನಲ್ಲಿಯೋ, ತಿಪ್ಪೆ ಇದ್ದ ಜಾಗದಲ್ಲಿಯೋ, ಅಕ್ಕಪಕ್ಕದ ಬೀಜ ಮೊಳೆಯದೆ ಖಾಲಿ ಬಿದ್ದ ಸ್ಥಳದಲ್ಲಿಯೋ ನಿಂತ ಗಿಡಕ್ಕೆ ಬಿಸಿಲು, ನೀರು, ಸಾರ ಎಲ್ಲವೂ ಇಮ್ಮಡಿಯಾಗಿ ಸಿಕ್ಕುವುದು. ಅದರ ತೆನೆ ದೊಡ್ಡದಾಗುವುದು ಆ ಜಾಗದ ಗುಣದಿಂದ. ಕಾಳಿನಲ್ಲಿ ಆ ಗುಣ ಇಳಿದು ಬರುವುದಿಲ್ಲ. ಮೇಲಾಗಿ ಮೆಕ್ಕೆಜೋಳದಲ್ಲಿ ತಾಯಿ ತೆನೆ ಮಾತ್ರ ಕಣ್ಣಿಗೆ ಕಾಣುವುದು, ಯಾವ ಗಿಡದ ಪರಾಗ ಬಂದು ಬಿದ್ದಿತೆಂಬುದು ಕಾಣುವುದಿಲ್ಲ. ಆದುದರಿಂದ ಕಣದಲ್ಲಿ ರಾಶಿಯ ಮುಂದೆ ಕುಳಿತು ದೊಡ್ಡ ತೆನೆಗಳನ್ನು ಆರಿಸಿ ಬೀಜಕ್ಕೆ ಕಟ್ಟಿಡುವ ಪದ್ಧತಿ ನೋಡಲು ಚೆನ್ನಾಗಿದ್ದರೂ ಫಲ ಕೊಡುವುದು ಕಡಮೆ. 1961ರಲ್ಲಿ ಅಮೆರಿಕದ ನೆಬ್ರಾಸ್ಕಾದ ಸಿ. ಓ. ಗಾರ್ಡ್‌ನರ್ ಎಂಬ ವಿಜ್ಞಾನಿ ಇದಕ್ಕೊಂದು ಸರಳ ಪರಿಹಾರವನ್ನು ಪ್ರಯೋಗಿಸಿ ತೋರಿಸಿದರು. ಹೊಲವನ್ನು ಚಿಕ್ಕ ಚಿಕ್ಕ ಮನೆಗಳಾಗಿ ವಿಭಾಗಿಸಿ, ಒಂದೊಂದು ಮನೆಯೊಳಗಿನ ಗಿಡಗಳನ್ನು ಅದೇ ಮನೆಯ ನೆರೆಗಿಡಗಳೊಂದಿಗೆ ಮಾತ್ರ ಹೋಲಿಸಿ, ಪ್ರತಿ ಮನೆಯಿಂದಲೂ ಉತ್ತಮವಾದವುಗಳನ್ನು ತೆಗೆದುಕೊಳ್ಳುವುದೇ ಅದು. ಜಾಗದ ಗುಣ ಎಲ್ಲಕ್ಕೂ ಸಮನಾಗಿಬಿಡುವುದರಿಂದ ಉಳಿಯುವ ವ್ಯತ್ಯಾಸದಲ್ಲಿ ಬೀಜದ ಗುಣಕ್ಕೆ ಹೆಚ್ಚು ಪಾಲು ಬರುವುದು. ಸಂಕರ ಬೀಜದಿಂದ ಬೆಳೆದ ಮೆಕ್ಕೆಜೋಳಕ್ಕೆ ಈ ಮಾತು ಅನ್ವಯಿಸದು. ಅದರ ಕಾಳನ್ನು ಬೀಜಕ್ಕೆ ಇಟ್ಟರೆ ಮುಂದಿನ ಪೀಳಿಗೆಯಲ್ಲಿ ಇಳುವರಿ ಕುಗ್ಗುವುದು. ಮನೆಯ ಬೀಜವನ್ನೇ ಬಳಸುವ ಜೋಳ, ಸಜ್ಜೆ, ರಾಗಿ, ತೊಗರಿಗಳಲ್ಲಿ ಅಂಚಿನ ನಾಲ್ಕು ಸಾಲುಗಳನ್ನು ಬಿಟ್ಟು, ಎಡೆ ಬಿದ್ದ ಸ್ಥಳವನ್ನೂ ಬಿಟ್ಟು, ನಡುಹೊಲದಲ್ಲಿ ನಾಲ್ಕು ಕಡೆಯೂ ನೆರೆಗಿಡಗಳಿರುವ ಗಿಡಗಳಿಂದಲೇ ಬೀಜದ ತೆನೆ ಅಥವಾ ಕಾಯಿಯನ್ನು ಆರಿಸತಕ್ಕದ್ದು. ಕೊಯ್ಲಿಗೆ ಮುಂಚೆಯೇ ಗಿಡಕ್ಕೆ ದಾರ ಕಟ್ಟಿ ಗುರುತಿಡುವುದು ಮೇಲು.

ವ್ಯಾಲೇಸರ ತರುವಾಯ ಇಂತಹ ಪರೀಕ್ಷೆಗಳು ಬೇಸಾಯದ ಹೊರಗೆ ಹಬ್ಬಿದವು. 1954ರಲ್ಲಿ ಪಾಲ್ ಮೀಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ನುರಿತವರ ತೀರ್ಮಾನವನ್ನೂ ಸರಳ ಲೆಕ್ಕದ ತೀರ್ಮಾನವನ್ನೂ ಎದುರುಬದುರು ಇಟ್ಟ ಸುಮಾರು 20 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದರು. ಬಹುತೇಕ ಎಲ್ಲದರಲ್ಲಿಯೂ ಲೆಕ್ಕವು ನುರಿತವರಿಗೆ ಸಮನಾಗಿಯೋ ಮೇಲಾಗಿಯೋ ನಿಂತಿತು. 1970ರ ದಶಕದಲ್ಲಿ ರಾಬಿನ್ ಡಾಸ್ ಎಂಬವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಂಶಗಳಿಗೆ ಸೂಕ್ಷ್ಮವಾದ ತೂಕಗಳನ್ನು ಹುಡುಕುವ ಶ್ರಮವೇ ಬಹುಮಟ್ಟಿಗೆ ಬೇಕಿಲ್ಲವೆಂದು ತೋರಿಸಿದರು. ಯಾವ ಅಂಶಗಳನ್ನು ನೋಡಬೇಕು, ಯಾವುದು ಹೆಚ್ಚಿದರೆ ಒಳ್ಳೆಯದು, ಯಾವುದು ಹೆಚ್ಚಿದರೆ ಕೆಟ್ಟದ್ದು ಎಂಬುದು ಗೊತ್ತಿದ್ದರೆ, ಎಲ್ಲಕ್ಕೂ ಸಮ ತೂಕ ಕೊಟ್ಟು ಕೂಡಿದರೂ ಕೆಲಸ ನಡೆಯುವುದು. ಕೂಡುವುದನ್ನು ತಪ್ಪದೆ ಮಾಡಬೇಕು, ಅಷ್ಟೆ. ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವಿಗೆ ಹಾಕುವ ಅಂಕಗಳನ್ನು ಅನೇಕರು ಕೇಳಿರಬಹುದು. 1952ರಲ್ಲಿ ವರ್ಜಿನಿಯಾ ಆಪ್ಗಾರ್ ಎಂಬ ವೈದ್ಯೆಯು ಏರ್ಪಡಿಸಿದ ಆ ಪದ್ಧತಿಯಲ್ಲಿ ಹೃದಯದ ಬಡಿತ, ಉಸಿರಾಟ, ಮಾಂಸಖಂಡಗಳ ಬಿಗಿ, ಮುಟ್ಟಿದರೆ ತೋರುವ ಪ್ರತಿಕ್ರಿಯೆ, ಮೈಬಣ್ಣ ಎಂಬ ಐದಕ್ಕೆ ತಲಾ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು ಹತ್ತು. ಒಂದು ಹರಳಿನಷ್ಟೂ ಹೆಚ್ಚಿನ ಗಣಿತ ಅದರಲ್ಲಿಲ್ಲ. ಆದರೂ ಅದು ಲೋಕದಲ್ಲೆಲ್ಲ ನಡೆಯುತ್ತಿದೆ, ಏಕೆಂದರೆ ಅವಸರದಲ್ಲಿರುವ ಸೂಲಗಿತ್ತಿಯೂ ಯಾವ ಅಂಶವನ್ನೂ ನೋಡದೆ ಬಿಡುವಂತಿಲ್ಲ.

ಇಷ್ಟು ಸರಳವಾದುದನ್ನು ಜನರು ಏಕೆ ಪಾಲಿಸುವುದಿಲ್ಲವೆಂದರೆ, ಪಾಲಿಸಿದಾಗಲೂ ಆಗಾಗ್ಗೆ ತಪ್ಪುವುದು ಕಣ್ಣಿಗೆ ಬೀಳುವುದರಿಂದ. 1986ರಲ್ಲಿ ಆರ್ಕ್ಸ್, ಡಾಸ್, ಕ್ರಿಸ್ಟೆನ್ಸನ್ ಎಂಬ ಮೂವರು ಕೆಲವರಿಗೆ ಹತ್ತರಲ್ಲಿ ಏಳು ಸಲ ಸರಿಬರುವ ಒಂದು ನಿಯಮವನ್ನು ಹೇಳಿಕೊಟ್ಟು, ಅದರ ಯೋಗ್ಯತೆ ಇಷ್ಟೇ ಎಂಬುದನ್ನೂ ತಿಳಿಸಿ, ತೀರ್ಮಾನಗಳನ್ನು ಮಾಡಿಸಿದರು. ಸರಿಯಾದ ಉತ್ತರಕ್ಕೆ ಹಣದ ಆಸೆ ತೋರಿಸಿದವರು ಹೆಚ್ಚು ಶ್ರದ್ಧೆಯಿಂದ ಯೋಚಿಸಿ ನಿಯಮವನ್ನು ಹೆಚ್ಚು ಸಲ ಮೀರಿದರು, ಹೆಚ್ಚು ತಪ್ಪಿದರು. ಆ ವಿಷಯದಲ್ಲಿ ತಮಗೆ ಪಾಂಡಿತ್ಯವಿದೆಯೆಂದು ತಿಳಿದವರೂ ಹಾಗೆಯೇ ಮಾಡಿದರು. ಹತ್ತರಲ್ಲಿ ಮೂರು ಸಲ ತಪ್ಪುವ ನಿಯಮವನ್ನು ಒಪ್ಪಲಾರದೆ, ಹತ್ತರಲ್ಲಿ ನಾಲ್ಕು ಸಲ ತಪ್ಪುವ ಸ್ವಂತ ಬುದ್ಧಿಯನ್ನು ಒಪ್ಪುವುದು ಮನುಷ್ಯಸ್ವಭಾವ. ಇನ್ನು ಹೆಚ್ಚು ಹೆಚ್ಚು ಸಂಗತಿಗಳನ್ನು ಕೇಳಿ ತಿಳಿದುಕೊಂಡರೆ ತೀರ್ಮಾನ ಉತ್ತಮವಾಗುವುದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಪಾಲ್ ಸ್ಲೋವಿಕ್ ಎಂಬವರು ಕುದುರೆ ಜೂಜಿನಲ್ಲಿ ಪಳಗಿದ ಎಂಟು ಜನರಿಗೆ ಒಂದೊಂದು ಪಂದ್ಯದ ವಿಷಯದಲ್ಲಿ ಮೊದಲು 5, ಆಮೇಲೆ 10, 20, 40 ಸಂಗತಿಗಳನ್ನು ಕೊಡುತ್ತ ಹೋದರು. ಗೆಲ್ಲುವ ಕುದುರೆಯನ್ನು ಹೇಳುವ ಶಕ್ತಿ ಐದು ಸಂಗತಿಗಳಲ್ಲಿದ್ದಷ್ಟೇ ನಲವತ್ತರಲ್ಲಿಯೂ ಇದ್ದಿತು. ಹೆಚ್ಚಿದ್ದು ಅವರ ಧೈರ್ಯ ಮಾತ್ರ.

ಕುದುರೆಯ ಮಾತನ್ನು ಬಿಟ್ಟು ಎತ್ತಿನ ವಿಷಯಕ್ಕೆ ಬರೋಣ. ಟ್ರಾಕ್ಟರುಗಳು ಬಂದು ಎತ್ತುಗಳ ಸಂಖ್ಯೆ ಕಡಮೆಯಾಗಿದ್ದರೂ, ಎಡೆಕುಂಟೆಗೂ ಬಂಡಿಗೂ ಎತ್ತನ್ನು ಇಟ್ಟುಕೊಂಡಿರುವ ಮನೆಗಳು ಈ ಸೀಮೆಯಲ್ಲಿ ಇನ್ನೂ ಇವೆ. ಮೈಲಾರ, ಕುರುವತ್ತಿ ಜಾತ್ರೆಗಳಿಗೆ ಬಂಡಿ ಕಟ್ಟಿಕೊಂಡು ಹೋಗುವವರೂ ಇದ್ದಾರೆ. ದನದ ಪೇಟೆಯಲ್ಲಿ ದಲ್ಲಾಳಿಯು ಹೊಗಳುವ ಗುಣಗಳನ್ನು ಗಮನಿಸಿ ನೋಡಿದರೆ, ಕೊಂಬಿನ ತಿರುವು, ಮೈಬಣ್ಣ, ಗಂಗೆದೊಗಲು, ಬಾಲದ ನೀಳ ಎಂದು ನಾಲ್ಕು ಹೆಸರುಗಳಿಂದ ಅವನು ಹೇಳುವುದು ಅಂದ ಎಂಬ ಒಂದೇ ಗುಣವನ್ನು. ಒಂದೇ ಗುಣಕ್ಕೆ ನಾಲ್ಕು ಸಲ ಅಂಕ ಬಿದ್ದಂತಾಗುವುದು. ಕೊಳ್ಳುವವನು ಮೋಸಹೋಗುವುದು ಸಾಮಾನ್ಯವಾಗಿ ಇಲ್ಲಿಯೇ.

ಪೇಟೆಗೆ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿಯೇ ಕುಳಿತು ಒಂದು ಚೀಟಿಯನ್ನು ಬರೆದುಕೊಳ್ಳುವುದು ಉತ್ತಮ. ಮೊದಲು, ಯಾವ ದೋಷ ಕಂಡರೆ ಮುಂದಿನ ಮಾತೇ ಇಲ್ಲವೆಂಬುದನ್ನು ಬರೆಯಬೇಕು: ಕುಂಟು, ಹೆಗಲಿನ ಬಾವು ಅಥವಾ ಹುಣ್ಣು, ಕಣ್ಣಿನ ಪೊರೆ, ಹಲ್ಲು ಸವೆದಿರುವುದು, ಜೋಡಿಯ ಎತ್ತರದಲ್ಲಿ ಎದ್ದು ಕಾಣುವ ಹೆಚ್ಚುಕಡಮೆ. ಹಲ್ಲಿನ ಲೆಕ್ಕ ಎಲ್ಲರಿಗೂ ತಿಳಿದದ್ದೇ. ಎರಡು ಹಲ್ಲು ಸುಮಾರು ಎರಡೂವರೆ ವರ್ಷಕ್ಕೆ ಬೀಳುವುದು. ಎಂಟು ಹಲ್ಲು ಬಂದು ಬಾಯಿಗೂಡುವುದು ನಾಲ್ಕೂವರೆಯಿಂದ ಐದನೆಯ ವರ್ಷದ ಹೊತ್ತಿಗೆ. ಈ ದೋಷಗಳಿಲ್ಲದ ಜೋಡಿಗಳಿಗೆ ಮಾತ್ರ ನಡೆ, ಹೆಗಲು ಮತ್ತು ಎದೆ, ಗೊರಸು, ಭಾರ ಎಳೆದ ಮೇಲಿನ ಉಸಿರು, ಸಾಧುತನ ಎಂಬ ಐದಕ್ಕೆ ತಲಾ ಎರಡರವರೆಗೆ ಅಂಕ ಹಾಕುವುದು. ನೊಗ ಹೂಡಿ, ಹೇರು ತುಂಬಿದ ಬಂಡಿಯನ್ನು ಎಳೆಸದೆ ನಡೆಗೂ ಉಸಿರಿಗೂ ಅಂಕ ಹಾಕಕೂಡದು.

ದೃಷ್ಟಾಂತಕ್ಕೆ ಎರಡು ಜೋಡಿಗಳನ್ನು ಕಲ್ಪಿಸಿಕೊಳ್ಳಬಹುದು. ಮೊದಲನೆಯ ಜೋಡಿ ಬಡಕಲು ಬಣ್ಣದ್ದು; ನಡೆಗೆ 2, ಹೆಗಲಿಗೆ 1, ಗೊರಸಿಗೆ 2, ಉಸಿರಿಗೆ 2, ಸಾಧುತನಕ್ಕೆ 1, ಒಟ್ಟು 8. ಎರಡನೆಯದು ಹಾಲಿನಂತೆ ಬಿಳುಪಾಗಿ ಕೊಂಬು ಚೆಲುವಾಗಿರುವುದು. ನಡೆಗೆ 1, ಹೆಗಲಿಗೆ 2, ಗೊರಸಿಗೆ 1, ಉಸಿರಿಗೆ 1, ಸಾಧುತನಕ್ಕೆ 1, ಒಟ್ಟು 6. ನಡೆಯೇ ಮುಖ್ಯವೆಂದು ಒಬ್ಬನು ಅದಕ್ಕೆ ಇಮ್ಮಡಿ ಅಂಕ ಕೊಟ್ಟರೆ 10ಕ್ಕೆ 7 ಆಗುವುದು. ಹೆಗಲೇ ಮುಖ್ಯವೆಂದು ಮತ್ತೊಬ್ಬನು ವಾದಿಸಿ ಅದನ್ನು ಇಮ್ಮಡಿ ಮಾಡಿದರೂ 9ಕ್ಕೆ 8. ತೂಕ ಯಾವುದಕ್ಕೆ ಹೆಚ್ಚೆಂದು ಕಟ್ಟೆಯ ಮೇಲೆ ಕುಳಿತು ಎಷ್ಟು ಹೊತ್ತು ಚರ್ಚಿಸಿದರೂ ಕೊಳ್ಳಬೇಕಾದ ಜೋಡಿ ಬದಲಾಗಲಿಲ್ಲ. ಎರಡನೆಯ ಜೋಡಿ ಗೆಲ್ಲುವುದು ಚೀಟಿಯಲ್ಲಿಲ್ಲದ ಬಿಳುಪು ಲೆಕ್ಕದೊಳಕ್ಕೆ ಬಂದಾಗ ಮಾತ್ರ.

ಸುಳಿಯ ವಿಷಯದಲ್ಲಿ ಒಂದು ಮಾತು. ಸುಳಿಗಳನ್ನು ನೋಡಿ ಮನೆಗೆ ಏಳಿಗೆ, ಕೇಡು ಎಂದು ಎಣಿಸುವುದು ಬಹು ಹಿಂದಿನಿಂದ ಬಂದುದು. ವಿದ್ಯಾವಂತರು ಇದನ್ನು ಕೇಳಿ ನಗುವುದುಂಟು. ಆದರೆ 1995ರಲ್ಲಿ ಟೆಂಪಲ್ ಗ್ರಾಂಡಿನ್ ಎಂಬ ಅಮೆರಿಕದ ಪಶುವಿಜ್ಞಾನಿಯೂ ಅವರ ಸಂಗಡಿಗರೂ, ಹಣೆಯ ಸುಳಿ ಕಣ್ಣುಗಳ ಮಟ್ಟಕ್ಕಿಂತ ಮೇಲಿರುವ ದನಗಳು ಕಟ್ಟಿಹಾಕಿದಾಗ ಹೆಚ್ಚಾಗಿ ಬೆದರುವುವೆಂದು ಎಣಿಸಿ ತೋರಿಸಿರುವರು. ಹಳೆಯ ಗುರುತನ್ನು ಪರೀಕ್ಷಿಸದೆ ನಂಬುವುದೂ ಪರೀಕ್ಷಿಸದೆ ಹಳಿಯುವುದೂ ಒಂದೇ ತರದ ಅವಸರ. ಹಾಗಿದ್ದರೂ ಬೆದರುವುದೋ ಇಲ್ಲವೋ ಎಂಬುದನ್ನು ನೊಗ ಹೂಡಿಯೇ ನೋಡಬಹುದಾದಾಗ ಸುಳಿಯನ್ನು ಕೇಳಬೇಕಾದ ಅಗತ್ಯವಿಲ್ಲ. ಮನೆಯ ಏಳಿಗೆಯ ವಿಷಯವನ್ನು ಆ ಪರೀಕ್ಷೆ ಹೇಳುವುದೂ ಇಲ್ಲ.

ಬೆಲೆಯನ್ನು ಗುಣದ ಅಂಕಗಳೊಂದಿಗೆ ಬೆರೆಸಬಾರದು. ಕೊಡಬಹುದಾದ ಹೆಚ್ಚಿನ ಬೆಲೆಯನ್ನು ಮನೆಯಲ್ಲಿಯೇ ಗೊತ್ತುಮಾಡಿ ಚೀಟಿಯ ಬೆನ್ನಿನ ಮೇಲೆ ಬರೆದುಕೊಂಡು, ಅದರೊಳಗೆ ಬರುವ ಜೋಡಿಗಳಲ್ಲಿ ಹೆಚ್ಚು ಅಂಕದ್ದನ್ನು ತೆಗೆದುಕೊಳ್ಳತಕ್ಕದ್ದು. ಯಾವುದೂ ಬಾರದಿದ್ದರೆ ಬರಿಗೈಯಲ್ಲಿ ಹಿಂದಿರುಗಬೇಕು. ಇದೇ ಎಲ್ಲಕ್ಕಿಂತ ಕಷ್ಟವಾದ ಭಾಗ. ಬಾಡಿಗೆ ಕೊಟ್ಟು ಬಂದಾಯಿತು, ಸಂಗಡ ನಾಲ್ಕು ಜನರನ್ನು ಕರೆತಂದಾಯಿತು, ಬರಿಗೈಯಲ್ಲಿ ಊರಿಗೆ ಹೋಗುವುದು ಹೇಗೆಂಬ ಸಂಕೋಚವು ಅನೇಕರ ಕೊಟ್ಟಿಗೆಗೆ ಕುಂಟೆತ್ತನ್ನು ತಂದಿರುತ್ತದೆ.

ಬೆಳೆಯ ಆಯ್ಕೆಗೆ ಈ ಕೂಡುವ ಲೆಕ್ಕ ಹೊಂದುವುದಿಲ್ಲ. ಎತ್ತಿನಲ್ಲಿ ಹೆಗಲಿನ ಸ್ವಲ್ಪ ಕೊರತೆಯನ್ನು ಒಳ್ಳೆಯ ಗೊರಸು ತುಂಬಿಕೊಡಬಹುದು. ಹೊಲದಲ್ಲಿ ಮಣ್ಣಿನ ಆಳವಿಲ್ಲದುದನ್ನು ಪೇಟೆಯ ಧಾರಣೆ ತುಂಬಿಕೊಡಲಾರದು. ಮೆಕ್ಕೆಜೋಳಕ್ಕೆ ಧಾರಣೆ ಎರಡು, ಬೀಜ ಸಿಕ್ಕುವ ಅನುಕೂಲ ಎರಡು, ಕೂಲಿಯ ಉಳಿತಾಯ ಎರಡು ಎಂದು ಅಂಕಗಳನ್ನು ಕೂಡುತ್ತ ಹೋದರೆ, ಮಣ್ಣಿನ ಸೊನ್ನೆಯು ಮೊತ್ತದೊಳಗೆ ಅಡಗಿಹೋಗಿ ಹೊಲದಲ್ಲಿ ಹೊರಬೀಳುವುದು. ಬಿತ್ತಿದ 50ರಿಂದ 60 ದಿನಗಳ ಹೊತ್ತಿಗೆ ಮೆಕ್ಕೆಜೋಳ ಸೂಲಂಗಿ ಬಿಟ್ಟು ತೆನೆಯಲ್ಲಿ ರೇಷ್ಮೆ ಹೊರಡಿಸುವುದು. ಆಗ ಹದಿನೈದು ದಿನ ಮಳೆ ತಪ್ಪಿದರೆ ಕಾಳು ಕಟ್ಟುವುದಿಲ್ಲ. ಮೃಗಶಿರ ಮಳೆಗೆ, ಎಂದರೆ ಜೂನ್ 8ರಿಂದ 21ರೊಳಗೆ ಬಿತ್ತಿದ ಬೆಳೆಗೆ ಆ ಸಮಯ ಬರುವುದು ಆಗಸ್ಟಿನ ಮೊದಲ ಪಕ್ಷದ ಆಸುಪಾಸಿನಲ್ಲಿ. ಆಳವಾದ ನೆಲವು ಒಳಗಿನ ಹಸಿಯಿಂದ ಬೆಳೆಯನ್ನು ಆ ದಿನಗಳನ್ನು ದಾಟಿಸುವುದು. ಗೇಣುದ್ದದ ಕೆಳಗೆ ಗರಸು ಹತ್ತುವ ಮಸಾರಿಗೆ ಆ ಶಕ್ತಿ ಇಲ್ಲ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕಡೆ ಭಾರತದಲ್ಲಿ ಮೊಟ್ಟಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ಕಾಟವೂ ಈಗ ಸೇರಿಕೊಂಡಿದೆ; ಔಷಧಿಯ ಖರ್ಚು ತೆಳು ಹೊಲಕ್ಕೂ ಆಳದ ಹೊಲಕ್ಕೂ ಒಂದೇ.

ಇಲ್ಲಿ ಹೊಂದುವುದು ಸೋಸುವ ನಿಯಮ. ಏಮಸ್ ಟ್ವೆರ್‌ಸ್ಕಿ ಎಂಬ ವಿದ್ವಾಂಸರು 1972ರಲ್ಲಿ ಇದನ್ನು ಶಾಸ್ತ್ರವಾಗಿ ಬರೆದರೂ, ಒಕ್ಕಲುತನದ ಜನ ಇದನ್ನು ಮೊದಲಿನಿಂದಲೂ ನಡೆಸಿದವರೇ. ಮುಖ್ಯವಾದ ಅಂಶವನ್ನು ಮೊದಲು ಹಿಡಿದು, ಅದಕ್ಕೆ ಹೊಂದದ ಬೆಳೆಗಳನ್ನೆಲ್ಲ ತೆಗೆದುಹಾಕಿ, ಉಳಿದವುಗಳನ್ನು ಎರಡನೆಯ ಅಂಶದಿಂದ ಸೋಸುತ್ತ ಹೋಗುವುದು. ಅಂಶಗಳ ಕ್ರಮವೇ ಇದರ ಜೀವ. ಮೊದಲನೆಯದು ಮಣ್ಣಿನ ಆಳ. ಹೊಲದ ಮೂರು ನಾಲ್ಕು ಕಡೆ ಹಾರೆ ಹಾಕಿ ನೋಡಬೇಕು. ಒಂದು ಅಡಿಗಿಂತ ಕಡಮೆಯಾಗಿದ್ದರೆ ಸಜ್ಜೆ, ನವಣೆ, ಶೇಂಗಾ, ಹುರುಳಿಗಳನ್ನು ಮಾತ್ರ ಎಣಿಕೆಗೆ ಇಟ್ಟುಕೊಂಡು ಮೆಕ್ಕೆಜೋಳ, ಹತ್ತಿಗಳನ್ನು ಬಿಡತಕ್ಕದ್ದು. ಎರಡನೆಯದು ಬಿತ್ತುವ ಹದ ಬಂದ ತಾರೀಖು. ಆರಿದ್ರದೊಳಗೆ ಹದವಾದರೆ ಮುಂಗಾರಿನ ಬೆಳೆಗಳೆಲ್ಲಕ್ಕೂ ಅವಕಾಶವಿರುವುದು. ಪುನರ್ವಸು ಕಳೆದು ಪುಷ್ಯ, ಎಂದರೆ ಜುಲೈ 20, ಹಿಡಿದ ಮೇಲೆ ದೀರ್ಘಾವಧಿಯ ತಳಿಗಳು ಹೋದವು. ರಾಗಿ, ನವಣೆಗಳು ಉಳಿದವು. ಇನ್ನೂ ತಡವಾದರೆ ಮಸಾರಿಯಲ್ಲಿ ಹುರುಳಿ. ಎರೆಯಲ್ಲಿಯಾದರೆ ಹೊಲವನ್ನು ಹಸನಾಗಿಟ್ಟುಕೊಂಡು ಉತ್ತರೆ, ಹಸ್ತ ಮಳೆಗಳಿಗೆ ಹಿಂಗಾರಿ ಜೋಳ. ಮೂರನೆಯದು ಮನೆಯ ದನಗಳಿಗೆ ಬೇಕಾದ ಮೇವು. ಜೋಳದ ಸೊಪ್ಪೆಗೂ ಶೇಂಗಾದ ಹೊಟ್ಟಿಗೂ ಇರುವ ಬೆಲೆಯನ್ನು ಧಾನ್ಯದ ಬೆಲೆಯ ಪಕ್ಕದಲ್ಲಿಟ್ಟು ನೋಡುವವರು ಕಡಮೆ. ಧಾರಣೆಯ ಮಾತು ಬರತಕ್ಕದ್ದು ಇಷ್ಟೆಲ್ಲ ಸೋಸಿ ಎರಡೋ ಮೂರೋ ಬೆಳೆಗಳು ಉಳಿದಾಗ.

ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತಲೆಕೆಳಗು. ಹೋದ ಸುಗ್ಗಿಯ ಧಾರಣೆಯಿಂದ ಆರಂಭವಾಗಿ ಮಣ್ಣಿನ ಮಾತು ಕೊನೆಗೆ ಬರುವುದು, ಅಥವಾ ಬಾರದೆಯೇ ಹೋಗುವುದು. ಮೈಲಾರದ ಕಾರ್ಣಿಕದ ಒಂದೇ ವಾಕ್ಯಕ್ಕೆ ಒಂದೊಂದು ಊರಿನಲ್ಲಿ ಒಂದೊಂದು ಅರ್ಥ ಮಾಡಿ ಬೆಳೆಯನ್ನು ಗೊತ್ತುಮಾಡುವವರೂ ಉಂಟು. ಭಕ್ತಿಯ ವಿಷಯ ಬೇರೆ. ಹೊಲದ ಆಳವನ್ನು ಹಾರೆಯನ್ನೇ ಕೇಳಬೇಕು.

ಬರೆದಿಟ್ಟ ನಿಯಮವನ್ನು ಯಾವಾಗ ಮೀರಬಹುದೆಂಬ ಪ್ರಶ್ನೆ ಏಳುವುದು ನ್ಯಾಯವೇ. ಹೊಲದಲ್ಲಿ ಹೊಸದಾಗಿ ಕೊಳವೆಬಾವಿಗೆ ನೀರು ಸಿಕ್ಕಿದ್ದರೆ ಮಳೆಯ ತಾರೀಖಿನ ನಿಯಮ ಸಡಿಲವಾಗುವುದು. ಕೆರೆಯ ಗೋಡು ಹೊಡೆಸಿ ಮಣ್ಣಿನ ಆಳ ಹೆಚ್ಚಿಸಿದ್ದರೆ ಮೊದಲನೆಯ ಜರಡಿಯ ಕಣ್ಣು ಬದಲಾಗುವುದು. ಇಂತಹವು ಯಾರು ನೋಡಿದರೂ ಒಪ್ಪತಕ್ಕ ಸಂಗತಿಗಳು. ಈ ವರ್ಷ ಏಕೋ ಮಳೆ ಚೆನ್ನಾಗಿ ಆಗುವ ಹಾಗೆ ತೋರುತ್ತದೆ ಎಂಬುದು ಆ ಜಾತಿಗೆ ಸೇರಿದುದಲ್ಲ. ಮೀರಬಹುದಾದ ಸಂದರ್ಭಗಳನ್ನೂ ನಿಯಮದ ಕೆಳಗೇ ಮುಂಚಿತವಾಗಿ ಬರೆದಿಡುವುದರಿಂದ ಈ ಎರಡನ್ನೂ ಬೇರ್ಪಡಿಸುವುದು ಸುಲಭವಾಗುವುದು. ತೀರ್ಮಾನವು ದೊಡ್ಡದಾಗಿ ಅವಸರವಿಲ್ಲದಿದ್ದರೆ, ಉದಾಹರಣೆಗೆ ಬಾವಿ ಕೊರೆಸುವುದು, ಜಮೀನು ಕೊಳ್ಳುವುದು ಮುಂತಾದವುಗಳಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ತಮ್ಮ ಸ್ನೇಹಿತ ಜೋಸೆಫ್ ಪ್ರೀಸ್ಟ್ಲಿಗೆ ಬರೆದು ತಿಳಿಸಿದ ಉಪಾಯವು ಇಂದಿಗೂ ಉಪಯುಕ್ತವಾಗಿದೆ. ಕಾಗದದ ನಡುವೆ ಗೆರೆ ಎಳೆದು, ಒಂದು ಕಡೆ ಅನುಕೂಲಗಳನ್ನೂ ಮತ್ತೊಂದು ಕಡೆ ಪ್ರತಿಕೂಲಗಳನ್ನೂ ಮೂರು ನಾಲ್ಕು ದಿನಗಳವರೆಗೆ ನೆನಪಾದಂತೆ ಬರೆಯುತ್ತ ಹೋಗಿ, ಸಮ ತೂಕದವುಗಳನ್ನು ಎರಡು ಕಡೆಯಿಂದಲೂ ಹೊಡೆದುಹಾಕಿ, ಉಳಿದುದನ್ನು ನೋಡುವುದು. ಮೂರು ನಾಲ್ಕು ದಿನ ಎಂಬುದೇ ಇದರಲ್ಲಿ ಮುಖ್ಯವಾದುದು, ಒಂದು ದಿನ ತಲೆಯಲ್ಲಿ ಇದ್ದ ಕಾರಣ ಮತ್ತೊಂದು ದಿನ ಇರುವುದಿಲ್ಲವಾದ್ದರಿಂದ.

ಗ್ರಾಮದ ಮುಖ್ಯಸ್ಥರು ಕೂಡಿ ಸಂಘದ ಪರವಾಗಿ ಬೀಜವನ್ನು ಆರಿಸುವಾಗ ಇನ್ನೊಂದು ಎಚ್ಚರಿಕೆ ಅವಶ್ಯಕ. ಮೊದಲು ದೊಡ್ಡವರೊಬ್ಬರು ಬಾಯಿಬಿಟ್ಟರೆ ಉಳಿದವರು ಅವರ ಮರ್ಯಾದೆಗಾಗಿ ತಮ್ಮ ಮಾತನ್ನು ಅತ್ತಲೇ ತಿರುಗಿಸುವರು. ಐವರಿದ್ದೂ ಒಬ್ಬರ ತೀರ್ಮಾನವೇ ನಡೆಯುವುದು. ಆದುದರಿಂದ ಪ್ರತಿಯೊಬ್ಬರೂ ಮಾತುಕತೆಗೆ ಮುಂಚೆ ತಮ್ಮ ತಮ್ಮ ಅಂಕಗಳನ್ನು ಬೇರೆಯಾಗಿ ಬರೆದು ಮಡಿಸಿಟ್ಟು, ಆಮೇಲೆ ತೆಗೆದು ಕೂಡುವುದು ಒಳ್ಳೆಯದು. ಮರ್ಯಾದೆಗೂ ಕುಂದಿಲ್ಲ, ಬೀಜಕ್ಕೂ ಕೇಡಿಲ್ಲ.

ಬೀಜದ ಮೊಳಕೆಯ ಪರೀಕ್ಷೆಯು ಎಲ್ಲರಿಗೂ ತಿಳಿದ ನಿಯಮವಾದರೂ ಅದರ ಪಾಲನೆಯಲ್ಲಿಯೂ ಸಡಿಲುಗಳುಂಟು. ನೂರು ಕಾಳುಗಳನ್ನು ಆರಿಸದೆ ಎಣಿಸಿ ಒದ್ದೆಯ ಗೋಣಿಯಲ್ಲಿ ಸಾಲಾಗಿ ಇಟ್ಟು ಸುತ್ತಿ, ಏಳರಿಂದ ಹತ್ತು ದಿನಗಳಲ್ಲಿ ಎಣಿಸತಕ್ಕದ್ದೆಂದು ಹೇಳಿದರೆ, ಕೆಲವರು ಇಪ್ಪತ್ತು ಕಾಳುಗಳನ್ನು ಇಡುವರು, ಅದರಲ್ಲಿಯೂ ದುಂಡಗಿನವುಗಳನ್ನು ಆರಿಸಿ ಇಡುವರು. ನೂರಕ್ಕೆ ಎಪ್ಪತ್ತೈದು ಮೊಳೆಯತಕ್ಕ ಬೀಜವು ಇಪ್ಪತ್ತು ಕಾಳುಗಳ ಪರೀಕ್ಷೆಯಲ್ಲಿ ಒಂದು ಸಲ 12 ಮೊಳೆಯಬಹುದು, ಮತ್ತೊಂದು ಸಲ 18 ಮೊಳೆಯಬಹುದು. ಅಷ್ಟರಿಂದ ಏನನ್ನೂ ಹೇಳಲು ಬಾರದು. ಪ್ರಮಾಣಿತ ಬೀಜಕ್ಕೆ ಕನಿಷ್ಠ ಮೊಳಕೆ ಮೆಕ್ಕೆಜೋಳದಲ್ಲಿ ನೂರಕ್ಕೆ 90, ಜೋಳದಲ್ಲಿ 75, ಶೇಂಗಾದಲ್ಲಿ 70, ಹತ್ತಿಯಲ್ಲಿ 65 ಎಂದು ಗೊತ್ತುಮಾಡಿರುವುದು. ಎಣಿಕೆ ಕಡಮೆ ಬಂದಾಗ ಗೋಣಿ ಒಣಗಿತ್ತೆಂದು ನೆಪ ಹೇಳಿ, ಸಾಕಷ್ಟು ಬರುವವರೆಗೆ ಮತ್ತೆ ಮತ್ತೆ ಪರೀಕ್ಷಿಸುವುದೂ ಉಂಟು. ಎರಡನೆಯ ಸಲ ಪರೀಕ್ಷಿಸುವುದಾದರೆ ಎರಡೂ ಸಲದ ಕಾಳುಗಳನ್ನು ಕೂಡಿ ಇನ್ನೂರಕ್ಕೆ ಎಷ್ಟೆಂದು ನೋಡಬೇಕು, ಮೊದಲನೆಯದನ್ನು ಮರೆಯುವಂತಿಲ್ಲ.

ಇಲ್ಲಿ ಹೇಳಿದ ಮಣ್ಣಿನ ಆಳ, ಮಳೆಯ ತಾರೀಖುಗಳ ನಿಯಮಗಳನ್ನೂ ಆಯಾ ಗ್ರಾಮದ ಹೊಲದ ಮೇಲೆ ಒರೆಹಚ್ಚಿ ನೋಡದೆ ಒಪ್ಪಬೇಕಾಗಿಲ್ಲ. ಅಯೋವಾದ ತೀರ್ಪುಗಾರರ ಕೈಯಲ್ಲಿಯೂ ಅಂಕಪಟ್ಟಿಯಿತ್ತು; ಅದನ್ನು ಫಸಲಿನೊಂದಿಗೆ ತಾಳೆ ನೋಡುವ ಕೆಲಸ ಮಾತ್ರ ಬಹುಕಾಲ ನಡೆಯಲಿಲ್ಲ. ಹೊಲದ ಹೆಸರು, ಹಾರೆಗೆ ಸಿಕ್ಕ ಆಳ, ಬಿತ್ತಿದ ತಾರೀಖು, ತಳಿ, ನಿಯಮದಂತೆ ಬಿತ್ತಿದ್ದೋ ಮೀರಿ ಬಿತ್ತಿದ್ದೋ, ಕಣದಲ್ಲಿ ತೂಗಿದ ಕ್ವಿಂಟಾಲುಗಳು, ಇಷ್ಟನ್ನು ಹೊಲಕ್ಕೊಂದು ಸಾಲಿನಂತೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಡತಕ್ಕದ್ದು. ಕೊಂಡ ಎತ್ತಿನ ಚೀಟಿಯನ್ನೂ ಅಲ್ಲಿಯೇ ಅಂಟಿಸಿ, ಎರಡು ವರ್ಷ ಕಳೆದ ಮೇಲೆ ಆ ಜೋಡಿ ಹೇಗೆ ದುಡಿಯಿತೆಂಬುದನ್ನು ಅದರ ಕೆಳಗೆ ಬರೆಯಬೇಕು. ನಾಲ್ಕೈದು ಮುಂಗಾರುಗಳ ಸಾಲುಗಳು ಕೂಡಿದ ಮೇಲೆ, ಯುಗಾದಿಯ ಹೊತ್ತಿಗೆ ಪುಸ್ತಕವನ್ನು ತೆಗೆದು, ನಿಯಮದಂತೆ ಬಿತ್ತಿದ ಸಾಲುಗಳನ್ನು ಒಂದು ಕಡೆಯೂ ಮೀರಿ ಬಿತ್ತಿದವುಗಳನ್ನು ಮತ್ತೊಂದು ಕಡೆಯೂ ಕೂಡಿ, ಎಕರೆಗೆ ಬಂದ ಸರಾಸರಿಯನ್ನು ತೆಗೆದು ನೋಡಬಹುದು.